ಕಲಂ ಹದಿನಾಲ್ಕು

ಮಾರ್ಚ್ 3, ಸೋಮವಾರ

ಇವತ್ತು ಗಾಂಜಾ ಸಮಿತಿ ಶುರುವಾಯಿತು. ಅದರ ಪೂರ್ತಿ ಹೆಸರು ಎರಡು ಸಾಲಿನಷ್ಟು ಉದ್ದ. ಕಾರಿಡಾರಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ 'ಗಾಂಜಾ ಸಮಿತಿ'. ಗಾಂಜಾ ಸೇದುವುದನ್ನೂ ಮಾರುವುದನ್ನೂ ಕಾನೂನು ಒಪ್ಪಬೇಕೇ ಬೇಡವೇ ಎಂದು ಹನ್ನೊಂದು ಸದಸ್ಯರು ಐದು ವಾರ ಜನರ ಮಾತು ಕೇಳಲಿದ್ದಾರೆ. ಆಡಿದ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವವರು ನಾನು ಮತ್ತು ನನ್ನ ಜೊತೆಗಾರ ಮೀಸೆ. ಅವನು ಮೀಸೆ ಬೋಳಿಸಿ ಹತ್ತು ವರ್ಷವಾಯಿತು, ಹೆಸರು ಮಾತ್ರ ಉಳಿದುಕೊಂಡಿದೆ. ಹತ್ತು ನಿಮಿಷ ಅವನು, ಹತ್ತು ನಿಮಿಷ ನಾನು. ಮೂವತ್ತೊಂದು ವರ್ಷದಿಂದ ನನ್ನದು ಇದೇ ಕೆಲಸ.

ಗೇಟಿನ ಎಡಕ್ಕೆ 'ಬೇಕು' ಎನ್ನುವವರು, ಬಲಕ್ಕೆ 'ಬೇಡ' ಎನ್ನುವವರು, ಮಧ್ಯೆ ಪೊಲೀಸರು ಕಟ್ಟಿದ ಹಗ್ಗ. ನಾನು ಬಲಗಡೆಯಿಂದಲೇ ನಡೆದು ಒಳಗೆ ಹೋದೆ. ಬೇಕಂತಲೇ.

ಅಲ್ಲಿ ನನಗೆ ಅಭಿಪ್ರಾಯ ಇರಕೂಡದು. ಐದು ವಾರ ಬಾಯಿಗೆ ಬೀಗ. ಅದಕ್ಕೇ ಈ ಪುಸ್ತಕ. ಇಲ್ಲಿ ಹೇಳಿಬಿಡುತ್ತೇನೆ: ಆ ಸೊಪ್ಪು ಬೇಡವೇ ಬೇಡ. ಅದು ಒಂದು ಮನೆಯನ್ನು ಏನು ಮಾಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ದೆಸೆಯಿಂದಲೇ ನಿಶ್ಚಯವಾಗಿದ್ದ ನನ್ನ ಮದುವೆಯೂ ಮುರಿಯಿತು.

ಇವತ್ತಿನ ಸಾಕ್ಷಿಗಳು: ನಮ್ಮ ಕಡೆ ಮೂವರು, ಅವರ ಕಡೆ ಐವರು.

ಮಾರ್ಚ್ 5, ಬುಧವಾರ

ಅಂಗಡಿ ತೆರೆಯಬೇಕೆಂದಿರುವ ಮನುಷ್ಯನೊಬ್ಬ ಬಂದಿದ್ದ. ಬಣ್ಣದ ನಕ್ಷೆ, ಗಾಜಿನ ಬರಣಿಗಳ ಚಿತ್ರ, ಕುಳಿತು ಮಾತಾಡಲು ಸೋಫಾ. "ಸಭ್ಯ ಕುಟುಂಬಗಳು ಬಂದು ಹೋಗೋ ಥರ ಮಾಡ್ತೀವಿ ಸರ್" ಎಂದ. ಸದಸ್ಯರೊಬ್ಬರು, "ಮಕ್ಕಳಿಗೆ ಆಟದ ಜಾಗಾನೂ ಇರುತ್ತಾ?" ಎಂದು ಕೇಳಿದರು. ಸಭೆ ನಕ್ಕಿತು. 'ನಗು' ಎಂದು ಆವರಣ ಹಾಕಿ ಬರೆದೆ. ಹಾಗೆ ಬರೆಯುವಾಗ ನಾನು ನಗುವಂತಿಲ್ಲ, ಆದರೂ ತುಟಿ ಬಿಗಿಹಿಡಿಯಬೇಕಾಯಿತು.

ಆಮೇಲೆ ಡ್ರೈವಿಂಗ್ ಶಾಲೆಯ ಮೇಷ್ಟ್ರು. "ಕುಡಿದೋನು ಬಾಯಿ ಬಿಟ್ಟರೆ ಸಾಕು, ಗೊತ್ತಾಗುತ್ತೆ. ಇದನ್ನ ಸೇದಿ ಸ್ಟಿಯರಿಂಗ್ ಹಿಡಿದೋನನ್ನ ಹೇಗೆ ಕಂಡುಹಿಡೀತೀರಿ, ಅದನ್ನ ಮೊದಲು ಹೇಳಿ" ಎಂದರು. ಸರಿಯಾದ ಮಾತು. ನಮ್ಮ ಕಡೆ.

ಮಾರ್ಚ್ 9, ಭಾನುವಾರ

ತಮ್ಮ ಬಂದಿದ್ದನಂತೆ. ತಿಂಗಳಿಗೆ ಎರಡು ಭಾನುವಾರ ಅಮ್ಮನನ್ನು ನೋಡಲು ಬರುತ್ತಾನೆ. ನಾನು ಚಪ್ಪಲಿ ರಿಪೇರಿಗೆಂದು ಹೋಗಿದ್ದೆ. ಅಂಗಡಿ ಮುಚ್ಚಿತ್ತು. ಪಾರ್ಕಿನಲ್ಲಿ ಕುಳಿತು ಬಂದೆ. ಬಿಸಿಲು ಚೆನ್ನಾಗಿತ್ತು.

ಅಮ್ಮ ಮುಖ ಗಂಟು ಹಾಕಿಕೊಂಡಿದ್ದಾಳೆ. "ಎಷ್ಟು ಜೊತೆ ಚಪ್ಪಲಿ ಇದೆ ಕಣೇ ನಿನ್ನ ಹತ್ರ?"

ಮಾರ್ಚ್ 12, ಬುಧವಾರ

ಒಬ್ಬ ತಾಯಿ ಬಂದಿದ್ದರು. ದಾದಿಯಾಗಿದ್ದವರಂತೆ, ಈಗ ಕೆಲಸ ಬಿಟ್ಟಿದ್ದಾರೆ. ಮಗನಿಗೆ ಇಪ್ಪತ್ತೆರಡು. ಹದಿನಾರಕ್ಕೆ ಗಾಂಜಾ ಶುರುಮಾಡಿದ. ಹತ್ತೊಂಬತ್ತಕ್ಕೆ ಗೋಡೆಯೊಳಗಿನಿಂದ ಯಾರೋ ಕರೆಯುತ್ತಾರೆ ಎನ್ನತೊಡಗಿದ. ಈಗ ಮಾನಸಿಕ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿದ್ದಾನೆ. ಒಂದು ತೊಟ್ಟು ಕಣ್ಣೀರು ಹಾಕದೆ, ರೋಗಿಯ ಚೀಟಿ ಓದಿದ ಹಾಗೆ ಹೇಳಿದರು. "ದಯವಿಟ್ಟು ಇದನ್ನ ಅಂಗಡಿಯಲ್ಲಿ ಇಡಬೇಡಿ" ಎಂದರು.

ನನ್ನ ಸರದಿಯಾಗಿತ್ತು. ನಮ್ಮ ಕಡೆಯ ಅತಿ ಗಟ್ಟಿ ಸಾಕ್ಷಿ ಇದೇ ಎಂದುಕೊಳ್ಳುತ್ತ ಬರೆಯುತ್ತಿದ್ದೆ. ಆಗ ಕೊನೆಯ ಸಾಲಿನ ಸದಸ್ಯೆ ಕೇಳಿದರು: "ಅಮ್ಮಾ, ಆಗಲೇ ಅವನನ್ನ ಹಿಡಿದು ಜೈಲಿಗೆ ಹಾಕಿದ್ದರೆ ಉಳೀತಿದ್ನಾ?"

"ಜೈಲಾ? ಅಯ್ಯೋ, ಬೇಡ. ನನ್ನ ಮಗನಿಗೆ ಬೇಕಿದ್ದಿದ್ದು ಡಾಕ್ಟರು. ಪೊಲೀಸಿನವರಿಗೆ ಗೊತ್ತಾಗುತ್ತೆ ಅಂತ ಹೆದರಿ ಎರಡು ವರ್ಷ ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗಲಿಲ್ಲ. ಅದನ್ನೂ ಬರ್ಕೊಳ್ಳಿ" ಎಂದು ನನ್ನ ಕಡೆ ತಿರುಗಿದರು.

ಬರೆದುಕೊಳ್ಳುವವರನ್ನು ಸಾಕ್ಷಿಗಳು ಸಾಮಾನ್ಯವಾಗಿ ನೋಡುವುದೇ ಇಲ್ಲ. ಬರೆದುಕೊಂಡೆ. ಇವರನ್ನು ಯಾವ ಕಡೆ ಲೆಕ್ಕ ಹಾಕಬೇಕೋ ತಿಳಿಯಲಿಲ್ಲ.

ಮಾರ್ಚ್ 18, ಮಂಗಳವಾರ

ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ ನನ್ನ ಹಾಳೆಯಲ್ಲಿ ಖಾಲಿ ಜಾಗ ಉಳಿಯಿತು.

ನಿವೃತ್ತ ಪೊಲೀಸ್ ಅಧಿಕಾರಿಯ ಹೇಳಿಕೆ. ದಪ್ಪ ಕನ್ನಡಕ, ಮಂಡಿ ನೋವು, ಕೂರಲು ಎರಡು ಸಲ ಪ್ರಯತ್ನ ಮಾಡಿದರು. "ದೊಡ್ಡ ಕುಳಗಳು ಸಿಕ್ಕಿದ್ದು ನನ್ನ ಸರ್ವಿಸಿನಲ್ಲಿ ನಾಲ್ಕೇ ಸಲ. ಉಳಿದಿದ್ದೆಲ್ಲ ಜೇಬಲ್ಲಿ ಪೊಟ್ಟಣ ಇಟ್ಕೊಂಡಿದ್ದ ಹುಡುಗರು. ಎಷ್ಟೋ ಸಲ ನಾವು ಹುಡುಕಿದ್ದೂ ಅಲ್ಲ, ಮನೆಯವರೇ ತಂದುಕೊಡೋರು. ಸ್ವಲ್ಪ ಹೆದರಿಸಿ ಕಳಿಸಿ ಸರ್ ಅಂತ. ಅವರಿಗೇನು ಗೊತ್ತು, ಒಂದು ಸಲ ಪುಸ್ತಕದಲ್ಲಿ ಬರೆದ ಮೇಲೆ ಅದು ನಮ್ಮ ಕೈಯಲ್ಲೂ ಇರಲ್ಲ ಅಂತ."

ಪೆನ್ನು ನಿಂತಿತು. ಎಷ್ಟು ಮಾತು ಹೋಯಿತೋ ಗೊತ್ತಿಲ್ಲ. ಮೀಸೆ ತನ್ನ ಸರದಿಯಲ್ಲದಿದ್ದರೂ ಪಕ್ಕದಲ್ಲಿ ಸದ್ದಿಲ್ಲದೆ ಬರೆದುಕೊಂಡಿದ್ದ. ಟೈಪು ಮಾಡುವಾಗ ಆ ಏಳು ಸಾಲನ್ನು ನನ್ನ ಮೇಜಿನ ಮೇಲಿಟ್ಟು, "ಸೆಕೆ ಜಾಸ್ತಿ ಮೇಡಂ ಇವತ್ತು" ಎಂದಷ್ಟೇ ಹೇಳಿ ಹೋದ. ಸೆಕೆ ಇರಲಿಲ್ಲ.

ಮಾರ್ಚ್ 19, ಬುಧವಾರ

ರಜೆ ಹಾಕಿದೆ. ಬರೆದೇ ಬಿಡುತ್ತೇನೆ.

ಆಗ ನನಗೆ ಇಪ್ಪತ್ತಾರು, ತಮ್ಮನಿಗೆ ಹತ್ತೊಂಬತ್ತು. ಸಂಜೆ ಬಂದರೆ ಕಣ್ಣು ಕೆಂಪಗೆ, ಕೇಳಿದ್ದಕ್ಕೆಲ್ಲ ನಗು. ಅವನ ಮಂಚದ ಕೆಳಗಿನ ಷೂ ಡಬ್ಬಿಯಲ್ಲಿ ಪೊಟ್ಟಣ ಸಿಕ್ಕಿತು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಹೆದರಿದೆ. ಅಪ್ಪನ ಕೈಗೆ ಕೊಟ್ಟೆ. ಅಪ್ಪನಿಗೆ ಠಾಣೆಯಲ್ಲಿ ಪರಿಚಯದವರಿದ್ದರು. "ಒಂದು ದಿನ ಕೂರಿಸ್ಕೊಂಡು ಬುದ್ಧಿ ಹೇಳಿ ಕಳಿಸ್ತಾರೆ" ಎಂದು ಅವನನ್ನೂ ಪೊಟ್ಟಣವನ್ನೂ ಕರೆದೊಯ್ದರು. ಪರಿಚಯದವರು ಅವತ್ತು ರಜೆಯಲ್ಲಿದ್ದರು.

ಮೂರೂವರೆ ವರ್ಷ ಜೈಲು.

ಅಪ್ಪ ಆ ಮೇಲೆ ಅದರ ಸುದ್ದಿ ಎತ್ತಲಿಲ್ಲ, ಹಾಗೆಯೇ ತೀರಿಕೊಂಡರು. ಪೊಲೀಸರು ದಾರಿಯಲ್ಲಿ ಹಿಡಿದರೆಂದು ಅಮ್ಮನಿಗೆ ಹೇಳಿದೆವು. ಸುಳಿವು ಕೊಟ್ಟವಳು ಪಕ್ಕದ ಮನೆಯ ಹೊಲಿಗೆಯವಳೇ ಎಂದು ಅಮ್ಮ ತಾನಾಗಿ ತೀರ್ಮಾನಿಸಿದಳು. ಅಲ್ಲ ಎಂದು ನಾನು ಹೇಳಲಿಲ್ಲ. ಅವತ್ತಿನಿಂದ ಅಮ್ಮನಿಗೆ ಅವಳ ಜೊತೆ ಮಾತಿಲ್ಲ.

ಇದನ್ನು ಎಲ್ಲಿಯೂ ಬರೆದಿರಲಿಲ್ಲ. ಬರೆದ ಮೇಲೆ ಹಗುರವಾಗುತ್ತದೆ ಎನ್ನುತ್ತಾರೆ. ಇಲ್ಲ.

ಮಾರ್ಚ್ 21, ಶುಕ್ರವಾರ

ಅಧ್ಯಕ್ಷರು ಮಸೂದೆಯ ಕಲಂ ಹದಿನಾಲ್ಕನ್ನು ಕೈಬಿಡುವ ಸೂಚನೆ ಕೊಟ್ಟರು. ತನ್ನ ಬಳಕೆಗೆಂದು ಸ್ವಲ್ಪ ಗಾಂಜಾ ಇಟ್ಟುಕೊಂಡು ಹಿಂದೆ ಶಿಕ್ಷೆಯಾದವರ ದಾಖಲೆ ಅಳಿಸಬೇಕು ಎನ್ನುವ ಕಲಂ ಅದು. "ಅಂಗಡಿ ಬೇಕು ಅನ್ನೋರಿಗೂ ಅದು ಮುಖ್ಯ ಅಲ್ಲ, ಬೇಡ ಅನ್ನೋರಿಗೆ ಇಷ್ಟ ಇಲ್ಲ. ಅದನ್ನ ಬಿಟ್ಟರೆ ಎರಡೂ ಕಡೆಯವರನ್ನ ಒಂದು ಮಾತಿಗೆ ತರಬಹುದು" ಎಂದರು. ಹನ್ನೊಂದರಲ್ಲಿ ಏಳು ತಲೆಗಳು ಅಲ್ಲಾಡಿದವು. ಎಣಿಸಿದೆ. ತೀರ್ಮಾನ ಏಪ್ರಿಲ್ ಕೊನೆಗೆ.

ಹದಿನೆಂಟು ದಿನಗಳಲ್ಲಿ ಆ ಕಲಮಿನ ಪರವಾಗಿ ಒಬ್ಬರೂ ಮಾತಾಡಿಲ್ಲ. ನನ್ನ ಹಾಳೆಗಳನ್ನೆಲ್ಲ ತಿರುವಿ ನೋಡಿದೆ. ಒಬ್ಬರೂ ಇಲ್ಲ. ಯಾರು ಬರುತ್ತಾರೆ? ದಾಖಲೆ ಇರುವವನು ಕ್ಯಾಮರಾ ಮುಂದೆ ನಿಂತು ನನ್ನದೂ ಇದೆ ಎನ್ನುತ್ತಾನೆಯೇ?

ಮಾರ್ಚ್ 23, ಭಾನುವಾರ

ಇವತ್ತು ಮನೆಯಲ್ಲೇ ಇದ್ದೆ.

ತಮ್ಮ ಬಂದಾಗ ಬಾಗಿಲು ತೆರೆದವಳು ನಾನು. ಒಂದು ಗಳಿಗೆ ತಪ್ಪು ಮನೆಗೆ ಬಂದವನ ಹಾಗೆ ನಿಂತ. ಕೂದಲು ಪೂರ್ತಿ ಬೆಳ್ಳಗಾಗಿದೆ. ನಲವತ್ತೆಂಟಕ್ಕೇ.

ಅಮ್ಮ ಮಲಗಿದ್ದಳು. ಅಡುಗೆಮನೆಯ ಕಪಾಟಿನ ಬಾಗಿಲು ಜೋತುಬಿದ್ದಿತ್ತು. ಅವನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಕೂತ. ಅವನು ಲಿಫ್ಟ್ ಮೆಕ್ಯಾನಿಕ್. ಬಾಯಲ್ಲಿ ನಾಲ್ಕು ಸ್ಕ್ರೂ ಕಚ್ಚಿಕೊಂಡಿದ್ದ. ಅವನು ಉತ್ತರ ಕೊಡಲಾಗದ ಸಮಯ ನೋಡಿಯೇ ನಾನು ಹೇಳಿದೆನೋ ಏನೋ.

"ಆ ಪೊಟ್ಟಣ ಅಪ್ಪನಿಗೆ ಸಿಕ್ಕಿದ್ದಲ್ಲ. ನಾನು ಕೊಟ್ಟಿದ್ದು."

ಸ್ಕ್ರೂಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡ. "ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅಪ್ಪ ನನ್ನ ರೂಮಿಗೆ ಕಾಲಿಟ್ಟಿದ್ದು ನಾನು ಯಾವತ್ತೂ ನೋಡಿಲ್ಲ. ಷೂ ಡಬ್ಬಿ ವಿಷಯ ಗೊತ್ತಿದ್ದಿದ್ದು ನಿಂಗೊಬ್ಬಳಿಗೇ. ಚಿಕ್ಕಂದಿನಲ್ಲಿ ಅದರಿಂದ ನನ್ನ ಗೋಲಿ ಕದೀತಿದ್ದೋಳು ನೀನೇ ತಾನೆ?"

"ಮತ್ತೆ ಇಷ್ಟು ವರ್ಷ ಯಾಕೋ ಕೇಳ್ಲಿಲ್ಲ?"

"ಎಲ್ಲಿ ಕೇಳ್ಲಿ ಅಕ್ಕ? ನಾನು ಬಂದಾಗೆಲ್ಲ ನೀನು ಚಪ್ಪಲಿ ರಿಪೇರಿಗೆ ಹೋಗಿರ್ತೀಯ."

ನಗು ಬಂತು. ಇಬ್ಬರಿಗೂ. ಆಮೇಲೆ ನಗು ನಿಂತಿತು, ಅವನೇ ಮುಂದುವರಿಸಿದ. "ಸಿಟ್ಟಿರಲಿಲ್ಲ ಅಂತ ತಿಳ್ಕೋಬೇಡ. ಒಳಗಿದ್ದಾಗ ದಿನಾ ಬೆಳಿಗ್ಗೆ ನಿನ್ನ ಬೈದೇ ಮುಖ ತೊಳೀತಿದ್ದೆ. ನೀನು ಹೆದರಿಕೊಂಡು ಹಾಗೆ ಮಾಡಿದೆ ಅಂತ ಗೊತ್ತಾಗೋಕೆ ಹತ್ತು ವರ್ಷ ಬೇಕಾಯ್ತು. ಈಗ ಸುಸ್ತಾಗಿದೆ, ಅಷ್ಟೆ."

ಯಾತಕ್ಕೆ ಸುಸ್ತು ಎಂದೆ. ಹೇಳಿದ. ಲಿಫ್ಟ್ ಕೆಲಸದ ಲೈಸೆನ್ಸಿಗೆ ಪೊಲೀಸ್ ಪ್ರಮಾಣಪತ್ರ ಬೇಕು, ಇವನಿಗೆ ಅದು ಸಿಗುವುದಿಲ್ಲ. ಹಾಗಾಗಿ ಕೆಲಸವೆಲ್ಲ ಇವನದು, ತಪಾಸಣೆ ಪುಸ್ತಕದಲ್ಲಿ ಸಹಿ ಇನ್ನೊಬ್ಬನದು. ಆ ಇನ್ನೊಬ್ಬನಿಗೆ ಕೇಬಲ್ ಯಾವುದು, ಬ್ರೇಕ್ ಯಾವುದು ಎಂದೂ ಸರಿಯಾಗಿ ತಿಳಿಯದು. "ಅರ್ಧ ಊರು ನಾನು ರಿಪೇರಿ ಮಾಡಿದ ಲಿಫ್ಟಲ್ಲಿ ಹತ್ತಿಳಿಯುತ್ತೆ. ಇದು ನನ್ನ ಕೆಲಸ ಅಂತ ಒಂದು ಕಾಗದದಲ್ಲೂ ಇಲ್ಲ."

ಕಲಂ ಹದಿನಾಲ್ಕರ ಬಗ್ಗೆ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ. ಗಾಂಜಾ ಸುದ್ದಿ ಬಂದರೆ ಟೀವಿ ಆರಿಸಿಬಿಡುತ್ತಾನಂತೆ. ನಾನು ಹೋಗಿ ಮಾತಾಡಲೇ ಎಂದು ಕೇಳಿದೆ. ಕಪಾಟಿನ ಬಾಗಿಲನ್ನು ಹತ್ತು ಸಲ ಹಾಕಿ ತೆಗೆದು ನೋಡಿದ.

"ಯೋಚನೆ ಮಾಡ್ತೀನಿ."

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಫೋನು. "ಹೇಳಕ್ಕ. ಆದ್ರೆ ಅಳಬೇಡ. ನೀನು ಅಳ್ತಾ ಮಾತಾಡಿದ್ರೆ ಯಾರಿಗೂ ಒಂದಕ್ಷರ ಅರ್ಥ ಆಗಲ್ಲ."

ಹನ್ನೊಂದು ಗಂಟೆಗೆ ಸಮಿತಿಯ ಕಾರ್ಯದರ್ಶಿಯ ಕೋಣೆಗೆ ಹೋದೆ. ಸಾರ್ವಜನಿಕರಿಗೆ ಕೊಡುವ ಅರ್ಜಿಯನ್ನೇ ತುಂಬಿ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿದರು.

"ಮೇಡಂ, ನೀವು ಸಿಬ್ಬಂದಿ. ಸಿಬ್ಬಂದಿ ಸಾಕ್ಷಿ ಹೇಳೋ ಹಾಗಿಲ್ಲ."

"ಗೊತ್ತು ಸರ್. ಸಮಿತಿಯ ಕೆಲಸದಿಂದ ನನ್ನ ತೆಗೀರಿ."

"ತೆಗೆದ್ರೆ ವಾಪಸ್ ಹಾಕೋಕಾಗಲ್ಲ. ಯಾವ ಸಭೆಗೂ. ನಿವೃತ್ತಿಗೆ ಮೂರು ವರ್ಷ ಇದೆ, ದಾಖಲೆ ಕೋಣೆಯಲ್ಲಿ ಕಳೀತೀರಾ? ನೆಲಮಾಳಿಗೆ ಅದು. ಕಿಟಕಿ ಕೂಡ ಇಲ್ಲ."

"ಕೂತ್ಕೋತೀನಿ."

ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿದರು. "ನಿಮ್ಮಷ್ಟು ವೇಗವಾಗಿ ಬರೆಯೋರು ಇನ್ನೊಬ್ಬರಿಲ್ಲ ಇಲ್ಲಿ. ಇನ್ನೊಂದು ಸಲ ಯೋಚನೆ ಮಾಡಿ."

ಮಾಡಿಯೇ ಬಂದಿದ್ದೇನೆ ಎಂದೆ. ಏಪ್ರಿಲ್ 3, ಮಧ್ಯಾಹ್ನ ಮೂರು ಗಂಟೆ.

ಮಾರ್ಚ್ 26, ಬುಧವಾರ

ಅಮ್ಮನಿಗೆ ಹೇಳಿದೆ. ಪೇಪರಿನಲ್ಲಿ ಓದಿ ತಿಳಿಯುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎಂದು. ಬಟಾಣಿ ಸುಲಿಯುತ್ತಿದ್ದಳು. ನಾನು ಮುಗಿಸುವವರೆಗೂ ಸುಲಿದಳು, ಮುಗಿಸಿದ ಮೇಲೂ ಸುಲಿದಳು. ಬುಟ್ಟಿ ಖಾಲಿಯಾದ ಮೇಲೆ ಕೇಳಿದಳು:

"ಹಾಗಾದ್ರೆ ಹೊಲಿಗೆಯವಳು ಅಲ್ವಾ?"

"ಅಲ್ಲಮ್ಮ."

"ಇಪ್ಪತ್ತೊಂಬತ್ತು ವರ್ಷ ಅವಳ ಮುಖ ನೋಡಿಲ್ಲ ನಾನು. ಅವಳ ಗಂಡ ಸತ್ತಾಗಲೂ ಹೋಗಲಿಲ್ಲ."

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 28, ಶುಕ್ರವಾರ

ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ತಟ್ಟೆಗೆ ಬಡಿಸುತ್ತಾಳೆ, ಅಷ್ಟೆ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಅಮ್ಮ ಒಳ್ಳೆಯ ಬಟ್ಟೆ ಉಟ್ಟು, ಕೋಲು ಹಿಡಿದು, ಪಕ್ಕದ ಮನೆಯ ಬೆಲ್ ಒತ್ತಿದಳು. ಕಿಟಕಿಯಿಂದ ನೋಡುತ್ತಿದ್ದೆ. ಅರ್ಧ ಗಂಟೆ ಬಿಟ್ಟು ಬಂದು ನನ್ನೆದುರು ಕುಳಿತಳು.

"ಅವಳಿಗೆ ಗೊತ್ತೇ ಇಲ್ಲ ಕಣೇ. ಕೋಟು ಬಿಗಿಯಾಗಿ ಹೊಲಿದಿದ್ದಕ್ಕೆ ನಾನು ಮಾತು ಬಿಟ್ಟೆ ಅಂದ್ಕೊಂಡಿದ್ಲಂತೆ. 'ಅಷ್ಟು ಸಣ್ಣದಕ್ಕೆ ಇಷ್ಟು ಹಟವಾ ಅಂತ ನಾನೂ ಹಟ ಹಿಡಿದೆ' ಅಂದ್ಲು." ಕಣ್ಣೊರೆಸಿಕೊಂಡಳೋ ನಕ್ಕಳೋ ತಿಳಿಯಲಿಲ್ಲ. ಆಮೇಲೆ ಕಡ್ಡಿ ಮುರಿದ ಹಾಗೆ ಹೇಳಿದಳು: "ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆದ್ರೂ ಹೋಗು. ಹೋದಮೇಲೆ ಪೂರ್ತಿ ಹೇಳು. ಅರ್ಧ ಹೇಳಿ ಬಂದ್ರೆ ಮನೆಗೆ ಸೇರಿಸಲ್ಲ."

ಏಪ್ರಿಲ್ 3, ಗುರುವಾರ

ಸಾಕ್ಷಿಯ ಕುರ್ಚಿ ನಮ್ಮ ಕುರ್ಚಿಗಿಂತ ತಗ್ಗು. ಅಷ್ಟು ವರ್ಷ ಎದುರಿಗೇ ಇದ್ದರೂ ಗೊತ್ತಿರಲಿಲ್ಲ. ಕುಳಿತರೆ ಹನ್ನೊಂದು ಜನರೂ ಮೇಲಿನಿಂದ ನೋಡುತ್ತಾರೆ. ಮೀಸೆ ಹೊಸ ಹಾಳೆ ತಿರುವಿ, ಪೆನ್ನು ಎತ್ತಿ, ಸಿದ್ಧ ಎನ್ನುವಂತೆ ತಲೆಯಾಡಿಸಿದ.

ನಿಧಾನವಾಗಿ, ಮಾತು ಬಿಡಿಸಿ ಹೇಳಿದೆ. ಷೂ ಡಬ್ಬಿ. ಅಪ್ಪ. ಠಾಣೆ. ಅಪ್ಪನ ಕೈಗೆ ಕೊಟ್ಟವಳು ನಾನು ಎನ್ನುವ ಮೊದಲು ಒಂದು ಗುಟುಕು ನೀರು ಕುಡಿದೆ. ಅಳಲಿಲ್ಲ. ಮೂರೂವರೆ ವರ್ಷ, ಆಮೇಲಿನ ವರ್ಷಗಳು, ಬೇರೆಯವನ ಸಹಿ, ಎಲ್ಲ ಹೇಳಿದೆ.

ಎದುರಿನ ಸಾಲಿನ ಸದಸ್ಯರು, 'ಬೇಡ'ದ ಕಡೆಯಲ್ಲಿ ಅತಿ ಖಡಕ್ಕಾದವರು, ಕೇಳಿದರು: "ಅಂದ್ರೆ ನೀವು ಗಾಂಜಾ ಅಂಗಡಿ ಪರ, ಅಲ್ವೇ?"

"ಅಲ್ಲ ಸರ್. ನನ್ನ ಕೇಳಿದ್ರೆ ನಮ್ಮ ಬೀದಿಯಲ್ಲಿ ಅದು ಬೇಡ ಅಂತಲೇ ಹೇಳ್ತೀನಿ. ಇದೇ ಕುರ್ಚಿಯಲ್ಲಿ ಕೂತು ಒಬ್ಬ ತಾಯಿ ಹೇಳಿದ್ದನ್ನ ನನ್ನ ಕೈಯಾರೆ ಬರೆದಿದೀನಿ. ಅಂಗಡಿ ವಿಷಯ ನೀವು ತೀರ್ಮಾನ ಮಾಡಿ. ನಾನು ಬಂದಿರೋದು ಕಲಂ ಹದಿನಾಲ್ಕಕ್ಕೆ."

"ನಿಮ್ಮ ತಮ್ಮ ತಪ್ಪು ಮಾಡಿದ್ದು ನಿಜ ತಾನೆ?"

"ನಿಜ. ನ್ಯಾಯಾಧೀಶರು ಅದಕ್ಕೆ ಮೂರೂವರೆ ವರ್ಷ ಅಂತ ಬರೆದ್ರು. ಅವನು ಅನುಭವಿಸಿದ. ಅದಾದ ಮೇಲೂ ಇಷ್ಟು ವರ್ಷ ಅವನ ಹೆಸರು ಆ ಪುಸ್ತಕದಲ್ಲಿದೆ. ಅಷ್ಟು ಶಿಕ್ಷೆ ಅಂತ ಯಾರು ಬರೆದಿದ್ದು ಸರ್? ಯಾವ ತೀರ್ಪಿನಲ್ಲಿದೆ?"

ಅವರು ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ಇನ್ನೊಂದು ಬದಿ ನೋಡಿದರು, ಅಲ್ಲಿ ಏನೂ ಇರಲಿಲ್ಲ. ನನಗೆ ಇನ್ನೇನಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷರು ಕೇಳಿದರು.

"ಈ ಕಲಮಿನ ಪರವಾಗಿ ಇಲ್ಲಿಯವರೆಗೆ ಯಾರೂ ಬಂದಿಲ್ಲ ಅಂತ ನಿಮಗೆ ಅನ್ನಿಸಿರಬಹುದು. ಬರೋಕಾಗಲ್ಲ ಸರ್. ಬಂದ್ರೆ ಇರೋ ಕೆಲಸಾನೂ ಹೋಗುತ್ತೆ. ಅದಕ್ಕೇ ನನ್ನಂಥೋರು ಬರಬೇಕು, ಒಪ್ಪಿಸಿಕೊಟ್ಟೋರು."

ಹೊರಗೆ ಬಂದಾಗ ಆ ತಾಯಿ, ಮೂರನೇ ವಾರ್ಡಿನಲ್ಲಿ ಮಗ ಇರುವವರು, ಮೆಟ್ಟಿಲ ಹತ್ತಿರ ನಿಂತಿದ್ದರು. ನನ್ನ ಕೈ ಹಿಡಿದುಕೊಂಡರು. "ಅಂಗಡಿ ಬೇಡ ಅಂದ್ರಲ್ಲ, ಅದಕ್ಕೆ ಥ್ಯಾಂಕ್ಸ್. ಇನ್ನೊಂದು ಮಾತಿಗೂ" ಎಂದರು. ಇಬ್ಬರೂ ಗೇಟು ದಾಟಿದೆವು. ಯಾವ ಕಡೆಯಿಂದ ದಾಟಿದೆವೋ ಗಮನಿಸಲಿಲ್ಲ.

ಏಪ್ರಿಲ್ 7, ಸೋಮವಾರ

ದಾಖಲೆ ಕೋಣೆ. ಬೆಳಿಗ್ಗೆಯಿಂದ ಹದಿನೇಳು ಸೀನು. ಮೀಸೆ ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ತಂದುಕೊಟ್ಟ. ನನ್ನ ಜಾಗಕ್ಕೆ ಹೊಸ ಹುಡುಗಿ ಬಂದಿದ್ದಾಳಂತೆ. "ಚೆನ್ನಾಗಿ ಬರೀತಾಳೆ. ಆದ್ರೆ ಸಾಕ್ಷಿಗಳು ತಮಾಷೆ ಮಾಡಿದ್ರೆ ನಕ್ಕುಬಿಡ್ತಾಳೆ" ಎಂದ.

ನಿನ್ನೆ ಭಾನುವಾರ ತಮ್ಮ ಬಂದಿದ್ದ. ಮೂವರೂ ಒಟ್ಟಿಗೆ ಊಟ ಮಾಡಿದೆವು. ಮೊಟ್ಟೆಯ ಸಾರಿಗೆ ಉಪ್ಪು ಜಾಸ್ತಿ ಎಂದು ಅವನೂ ಅಮ್ಮನೂ ಒಂದಾಗಿ ನನ್ನ ಮೇಲೆ ಬಿದ್ದರು.

ಮೇ 9, ಶುಕ್ರವಾರ

ವರದಿ ಬಂತು. ಅಂಗಡಿಗಳು ಈಗ ಬೇಡ. ಡಾಕ್ಟರ ಚೀಟಿ ಇದ್ದವರಿಗೆ ಆಸ್ಪತ್ರೆಯಲ್ಲಿ ಮಾತ್ರ. ಕಲಂ ಹದಿನಾಲ್ಕು ಉಳಿಯಿತು, ಐವರ ವಿರುದ್ಧ ಆರು ಮತ. ಆ ಖಡಕ್ ಸದಸ್ಯರು ಆರರಲ್ಲಿ ಒಬ್ಬರು. ಗೇಟಿನ ಎರಡೂ ಬದಿಯವರು ಬೈಯುತ್ತಿದ್ದಾರೆ, ಒಬ್ಬರಿಗೆ ಕಡಿಮೆಯಾಯಿತು, ಇನ್ನೊಬ್ಬರಿಗೆ ಹೆಚ್ಚಾಯಿತು. ಇನ್ನು ಸದನ ಒಪ್ಪಬೇಕು. ಕಾಯುತ್ತೇವೆ. ಒಪ್ಪದಿದ್ದರೆ ಮುಂದಿನ ಸಲವೂ ಅರ್ಜಿ ಹಾಕುತ್ತೇನೆ, ಅದರ ಮುಂದಿನ ಸಲವೂ. ನೆಲಮಾಳಿಗೆಗಿಂತ ಕೆಳಗೆ ಇನ್ನೆಲ್ಲಿಗೂ ಹಾಕಲಾರರು.

ಸೆಪ್ಟೆಂಬರ್ 18, ಗುರುವಾರ

ಸದನದಲ್ಲಿ ಪಾಸಾಗಿ ಆರು ವಾರವಾಯಿತು. ನಿನ್ನೆ ತಮ್ಮನಿಗೆ ಪತ್ರ ಬಂದಿದೆ. ದಾಖಲೆ ಅಳಿಸಲಾಗಿದೆ ಎಂದು ಒಂದೇ ಸಾಲು. ಇವತ್ತು ಸಂಜೆ ಕೆಲಸದ ಬಟ್ಟೆಯಲ್ಲೇ ಲೈಸೆನ್ಸಿನ ಅರ್ಜಿ ಹಿಡಿದು ಬಂದ. ಕೈಯಲ್ಲಿ ಇನ್ನೂ ಗ್ರೀಸು. ಅಮ್ಮ ಟವೆಲ್ ಕೊಟ್ಟಳು. ಒರೆಸಿಕೊಂಡು ಮೇಜಿನ ಮುಂದೆ ಕುಳಿತ. ಹೆಸರು, ವಿಳಾಸ, ಅನುಭವ ಎಷ್ಟು ವರ್ಷ, ಎಲ್ಲ ದಪ್ಪ ಅಕ್ಷರದಲ್ಲಿ ತುಂಬಿದ. ಒಂಬತ್ತನೆಯ ಪ್ರಶ್ನೆಗೆ ಬಂದು ನಿಂತ.

'ಯಾವುದಾದರೂ ಅಪರಾಧಕ್ಕೆ ನಿಮಗೆ ಶಿಕ್ಷೆಯಾಗಿದೆಯೇ?'

ಕಾನೂನಿನಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ, ಅಳಿಸಿದ ಮೇಲೆ ಇಲ್ಲ ಎನ್ನಬಹುದು. ನಾನು ಅವನಿಗೆ ಓದಿ ತೋರಿಸಿದೆ. ತಲೆಯಾಡಿಸಿದ. ಪೆನ್ನು ಮಾತ್ರ ಕಾಗದದ ಮೇಲೆ ಇಳಿಯಲಿಲ್ಲ.

"ಕೈ ಬರ್ತಿಲ್ಲ ಅಕ್ಕ. ನೀನೇ ಬರೆದುಬಿಡು. ಬರೆಯೋದು ನಿನ್ನ ಕೆಲಸ ಅಲ್ವಾ?"

ಪೆನ್ನು ನನ್ನ ಕಡೆ ಚಾಚಿದ. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ.

"ಇದನ್ನ ನಾನು ಬರೆಯಲ್ಲ. ನೀನು ಬರಿ."

ಅಮ್ಮ ಬಂದು ಅವನ ಹಿಂದೆ ನಿಂತಳು. ಅವನು ಅಂಗಿಗೆ ಕೈ ಒರೆಸಿಕೊಂಡ. ಬಗ್ಗಿ, ಉಸಿರು ಬಿಗಿಹಿಡಿದು, ಶಾಲೆಯ ಮಗುವಿನ ಹಾಗೆ ಒಂದೊಂದು ಅಕ್ಷರವನ್ನೂ ಒತ್ತಿ ಬರೆದ: ಇಲ್ಲ.

ಆಮೇಲೆ ಕಾಗದ ತಿರುಗಿಸಿ, ಕೊನೆಯಲ್ಲಿ ಗೆರೆ ಎಳೆದಿದ್ದ ಜಾಗದಲ್ಲಿ ತನ್ನ ಸಹಿ ಹಾಕಿದ.